ಹಿಮ ಕರಗುವ ಹೊತ್ತಿನ ಹಿತ್ತಲು: ಗುದ್ದಲಿಗೆ ಅವಸರ ಬೇಡ

ಊರಲ್ಲಿ ಸೊಗಡವರೆಯ ಕಾಲ ಮುಗಿದು ಬಿಸಿಲು ಏರುವ ಹೊತ್ತಿಗೆ, ಅಮೆರಿಕದ ಷಿಕಾಗೋ ಸುತ್ತಮುತ್ತ ಮನೆ ಮಾಡಿರುವ ಕನ್ನಡಿಗರ ಹಿತ್ತಲಲ್ಲಿ ಇನ್ನೂ ಹಿಮ ಬಿದ್ದಿರುತ್ತದೆ. ಫೆಬ್ರವರಿ ಕೊನೆಗೆ ಎರಡು ದಿನ ಬಿಸಿಲು ಕಂಡರೆ ಸಾಕು, ಗುದ್ದಲಿ ಹಿಡಿಯಲು ಕೈ ತುರಿಸುತ್ತದೆ. ಚಳಿಗಾಲ ದಾಟಿ ಉಳಿದ ಗಿಡವೂ ಈ ಅವಸರದಲ್ಲಿ ಹಾಳಾಗುವುದುಂಟು.

ಹಿಮವೇ ಕಂಬಳಿ

ಸಡಿಲವಾಗಿ ಬಿದ್ದ ಹಿಮದ ತುಂಬ ಗಾಳಿ ಇರುತ್ತದೆ. ಕಂಬಳಿ ಮೈಬಿಸಿ ಕಾಯುವಂತೆ ಅದು ನೆಲದ ಬಿಸಿ ಕಾಯುತ್ತದೆ. ಹೊರಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ಅಡಿ ದಪ್ಪದ ಹಿಮದ ಕೆಳಗಿನ ಮಣ್ಣು ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಮಡಿಯ ಮೇಲಿನ ಹಿಮವನ್ನು ಕೆರೆದು ತೆಗೆಯಬೇಡಿ.

ಪೆಟ್ಟು ಬೀಳುವುದು ಹಿಮ ಹೋದ ಮೇಲೆ, ಮಾರ್ಚಿನಲ್ಲಿ. ಹಗಲು ಕರಗಿದ ನೀರು ರಾತ್ರಿ ಮಣ್ಣಿನೊಳಗೆ ಮತ್ತೆ ಗಟ್ಟಿಯಾಗಿ, ಪದರ ಪದರವಾಗಿ ಬೆಳೆದು ಮಣ್ಣನ್ನು ಮೇಲೆತ್ತುತ್ತದೆ. ಅಕ್ಟೋಬರಿನಲ್ಲಿ ಊರಿದ ಬೆಳ್ಳುಳ್ಳಿ ಎಸಳು ಒಂದು ಬೆಳಿಗ್ಗೆ ಮಣ್ಣಿನ ಮೇಲೆ ಮಲಗಿರುತ್ತದೆ, ಬಿಳಿ ಬೇರು ಗಾಳಿಗೆ ಒಣಗುತ್ತಿರುತ್ತದೆ. ಅದನ್ನು ಬಲವಂತವಾಗಿ ಒತ್ತಿದರೆ ಬೇರು ಮುರಿಯುತ್ತದೆ. ಮಣ್ಣು ಮೆತ್ತಗಾದಾಗ ಬೆರಳಿನಿಂದ ಮೆಲ್ಲನೆ ಕೂರಿಸಿ, ಮೇಲೊಂದು ಹಿಡಿ ಕಾಂಪೋಸ್ಟ್ ಹಾಕಿ. ಒಣಹುಲ್ಲಿನ ಹೊದಿಕೆ ಇದ್ದರೆ ಚಿಗುರು ಕಾಣುವವರೆಗೆ ಹಾಗೇ ಇರಲಿ. ಸ್ಟ್ರಾಬೆರಿಗೂ ಇದೇ ಕ್ರಮ. ಸರಿಸಿದ ಹುಲ್ಲನ್ನು ಸಾಲಿನ ಪಕ್ಕದಲ್ಲೇ ಇಟ್ಟರೆ ಚಳಿ ಮರಳಿದ ರಾತ್ರಿ ಮತ್ತೆ ಎಳೆದು ಮುಚ್ಚಬಹುದು.

ಕೊಂಬೆ, ತೊಗಟೆ, ಉಪ್ಪು

ಕೊಂಬೆಯ ಮೇಲೆ ಹಿಮ ಹೊರೆಯಾಗಿದ್ದರೆ ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟಿ ಉದುರಿಸಿ. ಗಾಜಿನಂತೆ ಅಂಟಿದ ಮಂಜುಗಡ್ಡೆಯನ್ನು ಮುಟ್ಟಬೇಡಿ. ಚಳಿಗೆ ಸೆಟೆದ ಕೊಂಬೆ ಪಟ್ಟನೆ ಮುರಿಯುತ್ತದೆ. ಅದು ತಾನಾಗಿ ಕರಗಲಿ.

ಹಿಮ ಇಳಿದ ದಿನ ಸೇಬಿನ ಗಿಡದ ಬುಡ ನೋಡಿ. ಹಿಮದಡಿ ಸುರಂಗ ಮಾಡಿಕೊಂಡು ಓಡಾಡುವ ಹೊಲದಿಲಿ ಬುಡದ ತೊಗಟೆ ತಿಂದರೆ, ಹಿಮದ ಮೇಲೆ ಕೂತ ಮೊಲ ಮೇಲಿನ ತೊಗಟೆ ತಿನ್ನುತ್ತದೆ. ಒಂದು ಮಗ್ಗುಲಷ್ಟೇ ತಿಂದಿದ್ದರೆ ಗಿಡ ಚೇತರಿಸಿಕೊಳ್ಳಬಹುದು, ಸುತ್ತಲೂ ತಿಂದಿದ್ದರೆ ಉಳಿಯುವುದು ಕಷ್ಟ. ಕಾಲಿಂಚು ಕಣ್ಣಿನ ತಂತಿ ಬಲೆಯನ್ನು ಬುಡಕ್ಕೆ ಸುತ್ತಿ. ಹೊದಿಕೆಯನ್ನು ಕಾಂಡಕ್ಕೆ ತಾಗದಂತೆ ಹಿಂದಕ್ಕೆ ಎಳೆಯಿರಿ. ಸೇಬು, ದ್ರಾಕ್ಷಿ ಸವರಲು ಕಡುಚಳಿ ಕಳೆದು ಮೊಗ್ಗು ಒಡೆಯುವ ಮುಂಚಿನ ಒಣ ದಿನವೇ ಒಳ್ಳೆಯದು. ಕತ್ತರಿಸಿದ ದ್ರಾಕ್ಷಿ ಬಳ್ಳಿಯಿಂದ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಅದರಿಂದ ಬಳ್ಳಿಗೆ ಕೇಡಿಲ್ಲ.

ಕಾಲುದಾರಿಗೆ ಎರಚಿದ ಉಪ್ಪು ಬೆರೆತ ಹಿಮವನ್ನು ಮಡಿಗೆ ತಳ್ಳಬಾರದು. ಸೋಡಿಯಂ ಮಣ್ಣಿನ ಕಣಗಳ ಜೋಡಣೆ ಕೆಡಿಸುತ್ತದೆ, ಎಲೆಯಂಚು ಸುಡುತ್ತದೆ. ಕಾಲು ಜಾರದಿರಲು ಮರಳು ಸಾಕು. ಉಪ್ಪು ಬಿದ್ದ ಜಾಗಕ್ಕೆ ನೆಲದ ಗಡಸು ಬಿಟ್ಟ ಮೇಲೆ ಧಾರಾಳ ನೀರು ಹರಿಸಿ ಕೆಳಗಿಳಿಸಿ.

ಮುಷ್ಟಿಯ ಪರೀಕ್ಷೆ

ಮಣ್ಣು ಹದಕ್ಕೆ ಬಂತೇ ಎಂಬುದನ್ನು ಕೈಯೇ ಹೇಳುತ್ತದೆ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ, ಬೆರಳಿನಿಂದ ತಿವಿಯಿರಿ. ಪುಡಿಯಾದರೆ ಅಗೆಯಬಹುದು. ಅಂಟಾಗಿ ಉಳಿದರೆ ಇನ್ನೊಂದು ವಾರ ಮಡಿ ತುಳಿಯಲೂ ಬೇಡಿ. ಒದ್ದೆ ಜೇಡಿಮಣ್ಣನ್ನು ಅಗೆದರೆ ಅದು ಹೆಂಟೆಯಾಗಿ ಒಣಗಿ ಬೇಸಿಗೆಯಿಡೀ ಕಾಡುತ್ತದೆ. ಮಣ್ಣು 5 ಡಿಗ್ರಿ ದಾಟಿದರೆ ಪಾಲಕ್, ಬಟಾಣಿ ಬಿತ್ತಬಹುದು. ಕೊತ್ತಂಬರಿ, ಮೆಂತ್ಯಕ್ಕೆ ಏಪ್ರಿಲ್ ಕೊನೆಯವರೆಗೆ ತಡೆಯಿರಿ.

ಸಸಿಯ ಲೆಕ್ಕ ಹಿಂದುಮುಂದು

ಗುದ್ದಲಿ ಮೂಲೆಯಲ್ಲಿದ್ದರೂ ಮನೆಯೊಳಗೆ ಕೆಲಸವಿದೆ. ಇಲ್ಲಿ ಎಲೆ ಕರಕಾಗಿಸುವ ಫ್ರಾಸ್ಟ್ ಮೇ ಎರಡನೆಯ ವಾರದವರೆಗೂ ಬರಬಹುದು. ಆ ದಿನದಿಂದ ಹಿಂದಕ್ಕೆ ಎಣಿಸಿ: ಮೆಣಸಿನಕಾಯಿ, ಬದನೆಗೆ 8ರಿಂದ 10 ವಾರ, ಟೊಮೆಟೊಗೆ 6 ವಾರ. ಮೆಣಸಿನ ಬೀಜ ಚೆನ್ನಾಗಿ ಮೊಳೆಯಲು 25ರಿಂದ 30 ಡಿಗ್ರಿ ಬೇಕು. ಮೊಳೆತ ಸಸಿಗೆ ದಿನಕ್ಕೆ 14ರಿಂದ 16 ಗಂಟೆ ದೀಪದ ಬೆಳಕು ಕೊಡಿ. ಕಿಟಕಿಯ ಬೆಳಕೊಂದನ್ನೇ ನಂಬಿದರೆ ಸಸಿ ಸೊರಗಿ ಉದ್ದಕ್ಕೆ ಎಳೆಯುತ್ತದೆ. ನಾಟಿಗೆ ಮುಂಚೆ ವಾರ ಹತ್ತು ದಿನ, ದಿನಕ್ಕಿಷ್ಟು ಹೊತ್ತೆಂದು ಹೊರಗಿಟ್ಟು ಗಾಳಿ ಬಿಸಿಲಿಗೆ ಒಗ್ಗಿಸಿ. ಕುಂಡದ ಕರಿಬೇವು ಈಗ ಎಲೆ ಉದುರಿಸಿದರೆ ಸತ್ತಿತೆಂದು ನೀರು ಸುರಿಯಬೇಡಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ಹಾಕಿ. ರಾತ್ರಿಯ ಚಳಿ 10 ಡಿಗ್ರಿಗಿಂತ ಕೆಳಗಿಳಿಯುವುದು ನಿಲ್ಲುವವರೆಗೆ ಅದು ಒಳಗೇ ಇರಲಿ.

ಅವರೆ ಬೇಕೆನ್ನುವವರಿಗೆ

ಅವರೆ ಹಬ್ಬಿತು, ಹೂವೇ ಬಿಡಲಿಲ್ಲ ಎಂಬ ದೂರಿಗೆ ಕಾರಣ ಹಗಲಿನ ಉದ್ದ. ನಾಡತಳಿಯ ಅವರೆ ಹಗಲು ಕಿರಿದಾದಾಗ ಹೂ ಬಿಡುವ ಬೆಳೆ. ಷಿಕಾಗೋದಲ್ಲಿ ಜೂನ್ ಹಗಲು 15 ಗಂಟೆ. ಹೂ ಬರುವಷ್ಟರಲ್ಲಿ ಸೆಪ್ಟೆಂಬರ್, ಕಾಯಿ ಕಟ್ಟುವಷ್ಟರಲ್ಲಿ ಅಕ್ಟೋಬರಿನ ಫ್ರಾಸ್ಟ್. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಹಗಲಿನ ಉದ್ದಕ್ಕೆ ಕಾಯದ ತಳಿಗಳು. ಆದರೆ ಬಿತ್ತನೆ ಬೀಜವನ್ನು ಸಸ್ಯ ಆರೋಗ್ಯ ಪತ್ರವಿಲ್ಲದೆ ಸೂಟ್‌ಕೇಸಿನಲ್ಲಿ ತರುವಂತಿಲ್ಲ. ಇಂಥ ತಳಿ ಅಮೆರಿಕದ ಬೀಜದಂಗಡಿಯಲ್ಲಿ ಸಿಗುತ್ತದೆಯೇ ಎಂದು ಈಗಲೇ ವಿಚಾರಿಸಿ. ಬಿತ್ತುವುದು ಮಾತ್ರ ಮಣ್ಣು ಬೆಚ್ಚಗಾದ ಮೇಲೆ, ಮೇ ಕೊನೆಗೆ.