ಹಿಮ್ಮಡಿಯ ಹಳೆಯ ನೋವೂ ಅದರ ಪರಿಹಾರವೂ

ಆಟದ ಬಯಲಿನಿಂದ ಮಗಳು ಕುಂಟುತ್ತ ಬಂದರೆ ಎಣ್ಣೆ ತಿಕ್ಕಿ, ‘ಇನ್ನು ಓಟ ಸಾಕು’ ಎಂದು ಕೂರಿಸುವುದು ನಮ್ಮಲ್ಲಿ ವಾಡಿಕೆ. ನಾಲ್ಕು ದಿನದ ನೋವಿಗೆ ವಿಶ್ರಾಂತಿಯು ಸಲ್ಲುವುದು. ತಿಂಗಳುಗಟ್ಟಲೆ ಮರಳಿ ಮರಳಿ ಬರುವ ನೋವಿಗಾದರೋ ಬೇರೆ ಉಪಾಯವುಂಟು. ಅದನ್ನು ತಾಯಿತಂದೆಗಳೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅರಿತಿರುವುದು ಹಿತಕರ.

ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಬಿಳಿಯ ಹುರಿಗೆ ಸ್ನಾಯುರಜ್ಜುವೆಂದು ಹೆಸರು. ಇಂಗ್ಲಿಷಿನಲ್ಲಿ ಟೆಂಡನ್ ಎನ್ನುವರು. ಮೀನಖಂಡದಿಂದ ಹಿಮ್ಮಡಿಗಿಳಿಯುವ ರಜ್ಜುವಿಗೆ ಗ್ರೀಕ್ ವೀರನಾದ ಅಕಿಲೀಸನ ಹೆಸರಿದೆ. ಕೊಲಾಜೆನ್ ಎಂಬ ನಾರುಗಳು ಹಗ್ಗದ ಎಳೆಗಳಂತೆ ಇದರಲ್ಲಿ ಒತ್ತಾಗಿ ಹೊಂದಿಕೊಂಡಿರುವುವು. ಓಟವನ್ನು ಒಮ್ಮೆಗೇ ಹೆಚ್ಚಿಸಿ, ಬಿಡುವು ಕೊಡದೆ ದಣಿಸಿದರೆ ಆ ಎಳೆಗಳು ಕ್ರಮಗೆಟ್ಟು ರಜ್ಜುವು ದಪ್ಪವಾಗುವುದು. ಇದನ್ನು ಹಿಂದೆ ಕೇವಲ ಉರಿಯೂತವೆಂದು ಬಗೆದಿದ್ದರು. ಎಳೆಗಳ ಕೆಡುಕೇ ಮುಖ್ಯವೆಂದು ಈಗ ತಿಳಿದುಬಂದಿದೆ.

ಇದರ ಗುರುತುಗಳು ಸ್ಪಷ್ಟವಾಗಿವೆ. ಬೆಳಗ್ಗೆ ಎದ್ದೊಡನೆ ಹಿಮ್ಮಡಿಯು ಬಿಗಿದಿರುವುದು. ಓಟದ ಆರಂಭದಲ್ಲಿ ನೋವು ಕಾಣಿಸಿ, ಮೈ ಬಿಸಿಯಾದಂತೆ ಕುಗ್ಗಿ, ಆಮೇಲೆ ಮರಳುವುದು. ಹಿಮ್ಮಡಿಗೆ 2ರಿಂದ 6 ಸೆಂಟಿಮೀಟರ್ ಮೇಲೆ ಹಿಸುಕಿದರೆ ನೋಯುವುದು. ಅಲ್ಟ್ರಾಸೌಂಡ್ ಚಿತ್ರವೊಂದನ್ನೇ ನಂಬಲಾಗದು. ನೋವಿಲ್ಲದವರ ರಜ್ಜುವಿನಲ್ಲಿಯೂ ದೋಷಗಳು ಕಾಣಬಹುದು. ಬೆಳೆಯುವ ಹುಡುಗಿಯರಿಗೆ ಹಿಮ್ಮಡಿಯೆಲುಬಿನ ಬೆಳವಣಿಗೆಯ ಭಾಗವೇ ನೋಯುವುದುಂಟಾದ್ದರಿಂದ ವೈದ್ಯರ ಪರೀಕ್ಷೆ ಅವಶ್ಯ. ‘ಟಪ್’ ಎಂದು ಶಬ್ದವಾಗಿ ಕಾಲು ಸೋತರೆ ಕ್ಷಣವೂ ತಡಮಾಡತಕ್ಕದ್ದಲ್ಲ.

ಸ್ವೀಡನ್ ದೇಶದ ಉಮಿಯೋ ನಗರದ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ನರು 1998ರಲ್ಲಿ ತಮ್ಮ ಸಂಗಡಿಗರೊಡನೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ನೋವಿನಿಂದ ಓಟ ನಿಂತುಹೋಗಿದ್ದ, ಹವ್ಯಾಸಕ್ಕಾಗಿ ಓಡುವ 15 ಮಂದಿ ನಡುವಯಸ್ಕರಿಗೆ ಅವರು ವಿಶ್ರಾಂತಿಯ ಬದಲು ಭಾರವನ್ನು ವಿಧಿಸಿದರು. ಮೆಟ್ಟಲಿನ ಅಂಚಿನಲ್ಲಿ ಮುಂಗಾಲೂರಿ, ನೋಯದ ಕಾಲಿನಿಂದ ಮೇಲೆದ್ದು, ನೋಯುವ ಕಾಲಿನ ಮೇಲೆ ಮೈಭಾರವನ್ನು ಬಿಟ್ಟು ಹಿಮ್ಮಡಿಯನ್ನು ಮೆಲ್ಲನೆ ಕೆಳಗಿಳಿಸಬೇಕು. ಮೊಣಕಾಲನ್ನು ನೇರವಾಗಿಟ್ಟು 15ರಂತೆ ಮೂರಾವರ್ತಿ, ಬಾಗಿಸಿ ಮತ್ತೆ ಅಷ್ಟೇ. ಹೀಗೆ ದಿನಕ್ಕೆರಡು ಹೊತ್ತು, 12 ವಾರ. ದಿನಕ್ಕೆ 180 ಸಲವಾಯಿತಷ್ಟೆ! ನೋವು ಸಹ್ಯವಾಗಿದ್ದರೆ ನಿಲ್ಲಿಸತಕ್ಕದ್ದಲ್ಲ. ನೋವು ಅಡಗಿದರೆ ಬೆನ್ನಚೀಲದಲ್ಲಿ ತೂಕವನ್ನು ಸೇರಿಸತಕ್ಕದ್ದು. ಆ 15 ಮಂದಿಯೂ ಮೊದಲಿನಂತೆ ಓಡತೊಡಗಿದರು. ಹಳೆಯ ರೀತಿಯ ಚಿಕಿತ್ಸೆ ಪಡೆದ ಬೇರೆ 15 ಮಂದಿಯಾದರೋ ಕೊನೆಗೆ ಶಸ್ತ್ರಕ್ರಿಯೆಗೊಳಗಾದರು. ಮುಂದಿನ ಶೋಧನೆಗಳಲ್ಲಿ ಎಲ್ಲರೂ ಇಷ್ಟು ಪೂರ್ಣವಾಗಿ ಗುಣಹೊಂದಲಿಲ್ಲವಾದರೂ, ಕ್ರಮವಾದ ಭಾರವೇ ಈ ಚಿಕಿತ್ಸೆಯ ತಳಹದಿಯಾಗಿ ಉಳಿದಿದೆ. ಭಾರವಾದ ತೂಕವನ್ನು ನಿಧಾನವಾಗಿ ಎತ್ತಿಳಿಸುವ, ವಾರಕ್ಕೆ ಮೂರೇ ದಿನದ ವ್ಯಾಯಾಮವೂ ಸಮಾನ ಫಲವನ್ನೀಯುವುದೆಂದು ಡೆನ್ಮಾರ್ಕಿನಲ್ಲಿ 2015ರಲ್ಲಿ ಕಂಡುಬಂದಿತು.

ಡೆನ್ಮಾರ್ಕಿನವರದೇ ಮತ್ತೊಂದು ಶೋಧನೆಯು ಶಾಲೆಗಳಿಗೆ ವಿಶೇಷವಾಗಿ ಮನನೀಯ. ಅಣುಬಾಂಬಿನ ಪರೀಕ್ಷೆಗಳಿಂದ ವಾಯುವಿನಲ್ಲಿ ಹೆಚ್ಚಿದ್ದ ಇಂಗಾಲ-14ರ ಪ್ರಮಾಣವನ್ನು ರಜ್ಜುಗಳಲ್ಲಿ ಅಳೆದು ಅವರು 2013ರಲ್ಲಿ ತಿಳಿಸಿದ್ದೇನೆಂದರೆ: ಅಕಿಲೀಸನ ರಜ್ಜುವಿನ ಒಳತಿರುಳು ಸುಮಾರು 17ನೆಯ ವಯಸ್ಸಿನೊಳಗೆ ನಿರ್ಮಿತವಾಗಿ, ಬಳಿಕ ಬಹುಮಟ್ಟಿಗೆ ಹೊಸದಾಗುವುದಿಲ್ಲ. ಬಾಲ್ಯದಲ್ಲಿ ಕಟ್ಟಿದ ಹುರಿಯನ್ನೇ ಅಜ್ಜಿಯಾಗುವ ತನಕ ಬಳಸಬೇಕು!

ಆದಕಾರಣ ಹುಡುಗಿಯರ ಆಟವನ್ನು ಬಿಡಿಸಲು ಆತುರಪಡಬಾರದು. ನೋವನ್ನು ಮುಚ್ಚಿಟ್ಟು ಓಡಿಸಲೂಬಾರದು. ಕಾರಣವನ್ನು ವೈದ್ಯರಿಂದ ತಿಳಿದು, ಹೊರತಕ್ಕಷ್ಟೇ ಭಾರವನ್ನು ಹೊರಿಸಿ, ವಾರವಾರಕ್ಕೆ ತುಸುತುಸುವೇ ಏರಿಸಿರಿ. ರಜ್ಜುವು ಬಲಗೊಳ್ಳಲು ತಿಂಗಳುಗಳೇ ಬೇಕು. ಅಷ್ಟು ತಾಳ್ಮೆಯನ್ನು ಮಗಳಿಗೆ ಕಲಿಸುವ ಹೊಣೆಯು ಮನೆಗೂ ಶಾಲೆಗೂ ಸಮನಾದದ್ದು.