ಬಿದ್ದವರನ್ನು ಮಲಗಿಸಿಬಿಡಬೇಡಿ

ಬಿದ್ದ ಹಿರಿಯರಿಗೆ ನಮ್ಮ ಮನೆಗಳಲ್ಲಿ ಮೊದಲು ಸಿಗುವುದು ಹಾಸಿಗೆ, ಆಮೇಲೆ ಗಂಜಿ. ಎರಡನ್ನೂ ಕೊಡುವುದು ಪ್ರೀತಿಯಿಂದಲೇ. ಎಪ್ಪತ್ತು ದಾಟಿದ ದೇಹಕ್ಕೆ ಇವೆರಡೂ ಎಷ್ಟು ಹಾನಿ ಮಾಡಬಲ್ಲವು ಎಂಬುದು ನನಗೆ ತಿಳಿದದ್ದು ಅಮ್ಮನ ಸೊಂಟದ ಮೂಳೆ ಮುರಿದಾಗ.

ಹಾಸನದ ಕಡೆಯ ನಮ್ಮ ಊರಿನ ಮನೆಯಲ್ಲಿ, ಬಚ್ಚಲಿನಿಂದ ಹೊರಬರುವಾಗ ಹೊಸ್ತಿಲಿಗೆ ಕಾಲು ತಾಗಿ ಅಮ್ಮ ಬಲಮಗ್ಗುಲಿಗೆ ಬಿದ್ದಳು. ಆಪರೇಷನ್ ಆದ ಮರುದಿನವೇ ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳು ವಾಕರ್ ತಂದು ಮಂಚದ ಪಕ್ಕ ನಿಲ್ಲಿಸಿದಳು.

"ಆಗಲ್ಲ ಕಣವ್ವ, ನೋಯ್ತದೆ," ಎಂದಳು ಅಮ್ಮ.

"ನೋವಿನ ಮಾತ್ರೆ ಕೊಟ್ಟಿದೀವಿ ಅಜ್ಜಿ. ಸುಮ್ನೆ ಎದ್ದು ನಿಲ್ಲಿ, ಸಾಕು. ನಾನು ಹಿಡ್ಕೊಂಡಿರ್ತೀನಿ."

ನೋಡಲು ಬಂದಿದ್ದ ದೊಡ್ಡಮ್ಮನಿಗೆ ಕೋಪ ಬಂತು. ಮೂಳೆ ಕೂಡುವವರೆಗೆ ಮೂರು ತಿಂಗಳು ಅಲ್ಲಾಡಿಸಬಾರದು ಎಂಬುದು ಅವರು ಕಂಡು ಬಂದ ರೀತಿ. ಅದೂ ಸುಳ್ಳಲ್ಲ, ಹಿಂದೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ರಾಡು, ಸ್ಕ್ರೂ, ಕೃತಕ ಕೀಲುಗಳು ಬಂದಿರುವುದೇ ರೋಗಿ ಬೇಗ ಎದ್ದು ನಿಲ್ಲಲಿ ಎಂದು. ಬೇರೆ ತೊಡಕಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಮರುದಿನವೇ ಎಬ್ಬಿಸಬೇಕೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯೂ ಹೇಳುತ್ತದೆ.

ಮಲಗಿದರೆ ಏನಾಗುತ್ತದೆ ಎಂಬುದನ್ನು 2007ರಲ್ಲಿ ಅಮೆರಿಕದ ಸಂಶೋಧಕರು ಅಳೆದು ನೋಡಿದರು. ಆರೋಗ್ಯವಾಗಿದ್ದ 12 ಮಂದಿ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಅವರಿಗೆ ಮೂಳೆ ಮುರಿದಿರಲಿಲ್ಲ, ಜ್ವರವಿರಲಿಲ್ಲ. ಆದರೂ ಕಾಲುಗಳ ಮಾಂಸಖಂಡ ಸುಮಾರು ಒಂದು ಕಿಲೋದಷ್ಟು ಕರಗಿತ್ತು. ಇನ್ನು ಬಿದ್ದು, ಶಸ್ತ್ರಚಿಕಿತ್ಸೆಯಾಗಿ, ಊಟವೂ ಸೇರದೆ ಮಲಗಿದವರ ಕಾಲು ಏನಾಗಬೇಡ? ಸ್ನಾಯು ಸೋತ ಕಾಲು ಮತ್ತೆ ಎಡವುತ್ತದೆ. ಎಡವೀತೆಂಬ ಹೆದರಿಕೆಗೆ ನಡೆಯುವುದು ಕಡಿಮೆಯಾಗುತ್ತದೆ, ನಡೆಯದ ಕಾಲು ಇನ್ನಷ್ಟು ಸೋಲುತ್ತದೆ. ಆಪರೇಷನ್ ಚೆನ್ನಾಗಿಯೇ ಆಗಿದ್ದರೂ ಎಷ್ಟೋ ಅಜ್ಜ ಅಜ್ಜಿಯರು ಮನೆಯ ಅಂಗಳವನ್ನೂ ಕಾಣದೆ ಉಳಿಯುವುದು ಹೀಗೆ.

ಹಾಗೆಂದು ಸೋತ ಸ್ನಾಯು ಹೋಗಿಯೇ ಹೋಯಿತು ಎಂದುಕೊಳ್ಳಬೇಕಿಲ್ಲ. 1990ರಲ್ಲಿ ಬಾಸ್ಟನ್ನಿನ ವೈದ್ಯೆ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮವೊಂದರಲ್ಲಿದ್ದ, ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಮೊದಲಿದ್ದುದರ ಎರಡು ಪಟ್ಟನ್ನೂ ಮೀರಿ ಬೆಳೆಯಿತು. ಅಮ್ಮನಿಗೆ ಇದನ್ನು ಹೇಳಿದಾಗ ಅವಳು ನಂಬಲಿಲ್ಲ. ಎರಡು ಸಲ ಕೇಳಿ ವಯಸ್ಸನ್ನು ಖಚಿತಪಡಿಸಿಕೊಂಡಳು.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವಂಥ ವ್ಯಾಯಾಮಕ್ರಮವೊಂದನ್ನು ರೂಪಿಸಿದರು. ವಾರಕ್ಕೆ ಮೂರು ದಿನ, ಸುಮಾರು ಅರ್ಧ ಗಂಟೆ, ಜೊತೆಗೆ ನಡಿಗೆ. ಅದನ್ನು ಪಾಲಿಸಿದ ಹಿರಿಯರಲ್ಲಿ ಬೀಳುವುದು ಮೂರನೇ ಒಂದು ಪಾಲಿನಷ್ಟು ಇಳಿಯಿತು. ಅಮ್ಮನಿಗೆ ಹೇಳಿಕೊಟ್ಟದ್ದೂ ಹೆಚ್ಚುಕಡಿಮೆ ಅದೇ ಬಗೆಯದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಯ ಪಕ್ಕ ಅಡ್ಡಡ್ಡ ಹೆಜ್ಜೆ ಹಾಕುವುದು. ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ನಿಲ್ಲುವುದು. ಕುರ್ಚಿಯಲ್ಲಿ ಕೂತು, ಅರ್ಧ ಕಿಲೋ ಮರಳು ತುಂಬಿದ ಬಟ್ಟೆಚೀಲ ಕಾಲಿಗೆ ಕಟ್ಟಿಕೊಂಡು ಮಂಡಿ ನೇರ ಮಾಡುವುದು. ಹಿಡಿದುಕೊಳ್ಳಲು ಏನಾದರೂ ಇರಲೇಬೇಕು, ಮೊದಮೊದಲು ಒಬ್ಬರು ಪಕ್ಕದಲ್ಲಿ ನಿಂತಿರಬೇಕು. ಹಗುರ ಎನಿಸಿದಂತೆ ಭಾರವನ್ನೂ ಕಷ್ಟವನ್ನೂ ಹೆಚ್ಚಿಸುತ್ತ ಹೋಗಬೇಕು. ಈ ಕೊನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಎಲ್ಲಕ್ಕಿಂತ ಬೆಲೆಯುಳ್ಳದ್ದು, ನನ್ನ ಮಟ್ಟಿಗೆ, ಕೈ ಊರದೆ ಕುರ್ಚಿಯಿಂದ ಏಳುವುದು. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೆಲ್ಲ ಅಮ್ಮ ಎದ್ದು ಕೂರುತ್ತಿದ್ದಳು. ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರಬಲ್ಲರು ಎಂಬುದನ್ನು ವೈದ್ಯರು ಪರೀಕ್ಷೆಯಾಗಿಯೂ ಬಳಸುತ್ತಾರೆ. ಎಪ್ಪತ್ತರಿಂದ ಎಪ್ಪತ್ತನಾಲ್ಕರ ಹೆಂಗಸರಿಗೆ ಹತ್ತಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಬೆಳಗಿನ ವಾಕಿಂಗ್ ಒಂದೇ ಸಾಕು ಎನ್ನುವವರು ಇದನ್ನು ಗಮನಿಸಬೇಕು. ನಡಿಗೆ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದೇ. ಆದರೆ ಬೀಳುವುದನ್ನು ತಡೆಯುತ್ತದೆ ಎಂದು ಗಟ್ಟಿಯಾಗಿ ಸಾಬೀತಾಗಿರುವುದು ಸಮತೋಲನದ ಮತ್ತು ಏಳು-ಕೂರುವಂಥ ಅಭ್ಯಾಸಗಳು. 2019ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಮೀಕ್ಷೆಯಲ್ಲಿ ಇವುಗಳಿಂದ ಬೀಳುವ ಪ್ರಮಾಣ ಸುಮಾರು ನಾಲ್ಕನೇ ಒಂದು ಪಾಲು ತಗ್ಗಿತ್ತು.

ಇನ್ನು ಊಟ. ವ್ಯಾಯಾಮಕ್ಕಿಂತ ಹೆಚ್ಚು ಚರ್ಚೆ ನಮ್ಮ ಮನೆಯಲ್ಲಿ ನಡೆದದ್ದು ಇದರ ಬಗ್ಗೆಯೇ.

ನೆಂಟರು ಬಂದಾಗಲೆಲ್ಲ ಕಾಲು ಸೂಪು ತಂದರು. ಮೂಳೆಗೆ ಮೂಳೆಯ ರಸ ಎಂಬ ನಂಬಿಕೆ. ಬಾಯಿಗೆ ರುಚಿ, ಬಿಸಿ, ಸರಿ. ಆದರೆ ಅದರಲ್ಲಿ ಇಳಿಯುವ ಕ್ಯಾಲ್ಸಿಯಂ ತೀರಾ ಕಡಿಮೆ. ಒಂದು ಲೋಟ ಹಾಲಿನಲ್ಲಿ ಅದರ ಹಲವು ಪಟ್ಟು ಇದೆ. ನಮ್ಮ ರಾಗಿ ಇನ್ನೂ ಮುಂದೆ: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ.

ಆದರೆ ರಾಗಿಯಲ್ಲಿ ಪ್ರೋಟೀನು ಏಳು ಗ್ರಾಂ ಮಾತ್ರ. ಸ್ನಾಯುವಿಗೆ ಬೇಕಾದದ್ದು ಅದೇ. ವಯಸ್ಕರಿಗೆ ದೇಹದ ತೂಕದ ಒಂದೊಂದು ಕಿಲೋಗೂ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಕಾಯಿಲೆ ಅಥವಾ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರಿಗೆ 1.2ರಿಂದ 1.5 ಗ್ರಾಂ ಬೇಕೆಂದು ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2013ರಲ್ಲಿ ಹೇಳಿದೆ. ಐವತ್ತು ಕಿಲೋ ತೂಗುವ ಹೆಂಗಸಿಗೆ ಅದು 60ರಿಂದ 75 ಗ್ರಾಂ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ತಿಳಿಸಾರನ್ನ, ರಾತ್ರಿ ಗಂಜಿ ಉಣ್ಣುವವರಿಗೆ ಅದರ ಅರ್ಧವೂ ದಕ್ಕುವುದಿಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು.

ಹುರುಳಿಕಾಳಿನ ಬಸ್ಸಾರು ಅಮ್ಮನಿಗೆ ಬಲು ಇಷ್ಟ. ಕಾಳಿನಲ್ಲಿ ಪ್ರೋಟೀನು ಬೇಕಾದಷ್ಟಿದೆ, 100 ಗ್ರಾಮಿಗೆ ಇಪ್ಪತ್ತು ಗ್ರಾಂ ಮೀರಿ. ಆದರೆ ಹಲ್ಲು ಬಿದ್ದ ಮೇಲೆ ಅವಳು ಮುದ್ದೆಗೆ ಸಾರು ಮಾತ್ರ ಬಿಟ್ಟುಕೊಂಡು, ಬಸಿದ ಕಾಳನ್ನು ನಮ್ಮ ತಟ್ಟೆಗೆ ಬಡಿಸುತ್ತಿದ್ದಳು. ಸತ್ವ ಉಳಿಯುವುದೇ ಆ ಕಾಳಿನಲ್ಲಿ. ಆಮೇಲೆ ಕಾಳನ್ನು ಮೆತ್ತಗೆ ಬೇಯಿಸಿ ನುಣ್ಣಗೆ ಅರೆದು ಸಾರಿಗೇ ಸೇರಿಸಿದೆವು. ಹುರಿಗಡಲೆ ಪುಡಿ, ದಿನಕ್ಕೊಂದು ಮೊಟ್ಟೆ, ಹೊತ್ತುಹೊತ್ತಿಗೆ ಹಾಲು ಮೊಸರು. ದಂತವೈದ್ಯರಲ್ಲಿಗೆ ಕರೆದೊಯ್ದದ್ದು ಕೂಡ ಪೋಷಣೆಯ ಚಿಕಿತ್ಸೆಯೇ ಎಂದು ನಾನು ನಂಬುತ್ತೇನೆ.

ಹಾಲು ಮೊಸರಿನ ಬಲ ಎಷ್ಟು ಎಂಬುದಕ್ಕೆ ಆಸ್ಟ್ರೇಲಿಯಾದ ಪುರಾವೆ ಇದೆ. ಅಲ್ಲಿನ 60 ವೃದ್ಧಾಶ್ರಮಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧದಷ್ಟು ಕಡೆ ಹಾಲು, ಮೊಸರು, ಚೀಸನ್ನು ಹೆಚ್ಚಾಗಿ ಬಡಿಸಿದರು. ಅಲ್ಲಿ ಬೀಳುವುದು ಶೇ 11ರಷ್ಟು, ಸೊಂಟದ ಮೂಳೆ ಮುರಿಯುವುದು ಶೇ 46ರಷ್ಟು ಕಡಿಮೆಯಾಯಿತು. ಔಷಧವಲ್ಲ, ಊಟ! ಅದೇ ದೇಶದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎಪ್ಪತ್ತು ದಾಟಿದ ಹೆಂಗಸರಿಗೆ ವಿಟಮಿನ್ ಡಿಯನ್ನು ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್‌ನಷ್ಟು ಕೊಟ್ಟು ನೋಡಿದಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾದವು. ಮೆಡಿಕಲ್ ಶಾಪಿನಿಂದ ತಾವೇ ವಿಟಮಿನ್ ಡಿ ಪುಡಿ ತಂದು ನುಂಗುವವರು ಇದನ್ನು ತಿಳಿದಿರಬೇಕು. ಕೊರತೆ ಇದ್ದರೆ ಬೇಕು. ಎಷ್ಟು ಎಂಬುದನ್ನು ವೈದ್ಯರು ಹೇಳಲಿ.

ಅಮ್ಮ ಈಗ ಕೋಲು ಹಿಡಿದು ದೇವಸ್ಥಾನದವರೆಗೆ ಹೋಗಿಬರುತ್ತಾಳೆ. ನೆಲದ ಮೇಲೆ ಕೂರಲು ವೈದ್ಯರು ಒಪ್ಪಿಲ್ಲ, ಆ ಕೊರಗು ಅವಳಿಗಿದೆ. ಬಚ್ಚಲಿನ ಗೋಡೆಗೆ ಹಿಡಿಕಂಬಿ ಬಂದಿದೆ, ಹೊಸ್ತಿಲಿನ ಹತ್ತಿರ ದೀಪ ರಾತ್ರಿಯಿಡೀ ಉರಿಯುತ್ತದೆ. ನಿದ್ದೆಮಾತ್ರೆಯನ್ನು ವೈದ್ಯರು ನಿಧಾನಕ್ಕೆ ನಿಲ್ಲಿಸಿದರು. ಮಂಚದಿಂದ ಎದ್ದ ಕೂಡಲೇ ರಕ್ತದೊತ್ತಡ ಕುಸಿಯುತ್ತದೆಯೇ ಎಂದೂ ನೋಡಿದರು.

ಆಮೇಲೆ ಗೊತ್ತಾದ ಒಂದು ಸಂಗತಿಯಿದೆ. ಮೂಳೆ ಮುರಿಯುವ ಮೊದಲೂ ಅವಳು ಹಿತ್ತಿಲಲ್ಲಿ ಬಿದ್ದಿದ್ದಳು, ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹಿತ್ತಿಲಿಗೆ ಹೋಗಲು ಬಿಡುವುದಿಲ್ಲವೆಂಬ ಭಯ. ಅರವತ್ತೈದು ದಾಟಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ, ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಹೆಚ್ಚು. ಹಾಗಾಗಿ ನಿಮ್ಮ ಮನೆಯ ಹಿರಿಯರನ್ನು ಈ ವಾರವೇ ಕೇಳಿ: ಈಚೆಗೆ ಎಲ್ಲಾದರೂ ಬಿದ್ದಿದ್ದೀರಾ? ಗದರಿಸದೆ ಕೇಳಿ. ಹೌದು ಎಂದರೆ ಓಡಾಟ ನಿಲ್ಲಿಸಬೇಡಿ. ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಲ್ಲಿಗೆ ಕರೆದೊಯ್ಯಿರಿ.