ನಾಮಕರಣದ ಬಲಾಬಲ

‘ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹೆಸರಿಗೂ ಹುರುಳಿಗೂ ಸಂಬಂಧವಿಲ್ಲವೆಂಬುದು ಇದರ ತಾತ್ಪರ್ಯ. ಮನುಷ್ಯರ ವಿಷಯದಲ್ಲಿ ಇದು ನಿಜವಿರಬಹುದು. ಆದರೆ ಅಂಗಡಿಯಲ್ಲಿ ಮಾರತಕ್ಕ ಪದಾರ್ಥಗಳ ವಿಷಯದಲ್ಲಿ ಈ ಮಾತು ಎಷ್ಟರಮಟ್ಟಿಗೆ ಸಲ್ಲುತ್ತದೆ? ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಬಹುದು. ಅಡಿಕೆಯನ್ನು ಕತ್ತರಿಸಿ ನೋಡಬಹುದು. ಮುಚ್ಚಿದ ಪೆಟ್ಟಿಗೆಯೊಳಗಿರುವ ಯಂತ್ರವನ್ನು ಹಾಗೆ ಪರೀಕ್ಷಿಸಲಾಗದು. ಅದರಲ್ಲಿಯೂ ವಿಡಿಯೋ ಗೇಮಿನ ಸಂಗತಿ ವಿಚಿತ್ರವಾದುದು: ಆಡುವವನು ಮಗ, ಹಣ ಕೊಡುವವನು ತಂದೆ. ಅಂಗಡಿಯಲ್ಲಿ ನಿಂತ ತಂದೆಗೆ ಆ ಯಂತ್ರದ ಬಗ್ಗೆ ತಿಳಿದಿರುವುದು ಮಗನು ಹೇಳಿ ಕಳುಹಿಸಿದ ಹೆಸರೊಂದೇ. ಹೆಸರಿನ ಬಲಾಬಲವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. (ಈ ಲೇಖಕನು ಆಟದಲ್ಲಿ ಪ್ರವೀಣನಲ್ಲವೆಂಬುದನ್ನು ಸಹಪಾಠಿಗಳು ಬಲ್ಲರು. ಆದುದರಿಂದ ಆಟವನ್ನು ಬಿಟ್ಟು ಹೆಸರಿನ ವಿಚಾರವನ್ನಷ್ಟೇ ಹೇಳುತ್ತೇನೆ.)

1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯವರು ಒಂದು ಆಟದ ಯಂತ್ರವನ್ನು ಹೊರತಂದರು. ಅದರ ಹೆಸರು ‘ಫ್ಯಾಮಿಲಿ ಕಂಪ್ಯೂಟರ್’. ಅದೇ ವರ್ಷ ಅಮೆರಿಕದಲ್ಲಿ ವಿಡಿಯೋ ಗೇಮಿನ ವ್ಯಾಪಾರ ಕುಸಿದುಬಿದ್ದಿತು. ಮಾರಾಟವಾಗದೆ ಉಳಿದ ಸರಕನ್ನು ಕಂಡು ಬೇಸತ್ತ ಅಲ್ಲಿನ ವರ್ತಕರಿಗೆ ‘ವಿಡಿಯೋ ಗೇಮ್’ ಎಂಬ ಮಾತನ್ನು ಕೇಳುವುದೇ ಬೇಡವಾಯಿತು. 1985ರಲ್ಲಿ ನಿಂಟೆಂಡೊದವರು ತಮ್ಮ ಯಂತ್ರವನ್ನು ಅಮೆರಿಕಕ್ಕೆ ಒಯ್ಯುವಾಗ ಹೊರರೂಪವನ್ನು ಬದಲಿಸಿ, ‘ನಿಂಟೆಂಡೊ ಎಂಟರ್‌ಟೇನ್‌ಮೆಂಟ್ ಸಿಸ್ಟಮ್’ ಎಂದು ಹೊಸ ಹೆಸರಿಟ್ಟರು. ಪೆಟ್ಟಿಗೆಯನ್ನು ‘ಕಂಟ್ರೋಲ್ ಡೆಕ್’ ಎಂದೂ, ಆಟದ ಕ್ಯಾಸೆಟ್ಟನ್ನು ‘ಗೇಮ್ ಪ್ಯಾಕ್’ ಎಂದೂ ಕರೆದರು. ಒಳಗಿನ ಯಂತ್ರ ಬಹುಮಟ್ಟಿಗೆ ಹಳೆಯದೇ. ಹೆಸರು ಅಂಗಡಿಯ ಬಾಗಿಲನ್ನು ತೆರೆಯಿಸಿತು. ಒಳಗೆ ಹೋದ ಮೇಲೆ ಗೆದ್ದುಕೊಟ್ಟದ್ದು ಮಾರಿಯೋ ಮೊದಲಾದ ಆಟಗಳು. ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿಯೇ ನೋಡಬೇಕು.

ಇದೇ ಯಂತ್ರದ ನಕಲುಗಳು ನಮ್ಮ ದೇಶದಲ್ಲಿಯೂ ಮಾರಾಟವಾದವು. ಪೆಟ್ಟಿಗೆಯ ಮೇಲೆ ಏನು ಅಚ್ಚಾಗಿದ್ದರೂ ನಮ್ಮ ಕಡೆಯ ಜನ ಅದನ್ನು ಕರೆದುದು ‘ಟಿ.ವಿ. ಗೇಮ್’ ಎಂದೇ. ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಬರೆದಿರುತ್ತಿತ್ತು. ಒಳಗೆ ಇದ್ದವು ಬೆರಳೆಣಿಕೆಯ ಆಟಗಳು. ಅವೇ ಮತ್ತೆಮತ್ತೆ ಬರುತ್ತಿದ್ದವು. ಕ್ಷೀರಸಾಗರನ ಗಾದೆ ಇಲ್ಲಿ ಸರಿಯಾಗಿ ಒಪ್ಪುತ್ತದೆ.

ಮೊದಲ ಹೆಸರನ್ನು ಇಡುವುದಕ್ಕಿಂತ ಎರಡನೆಯ ಹೆಸರನ್ನು ಇಡುವುದು ಕಠಿಣವೆಂದು ತೋರುತ್ತದೆ. 2006ರಲ್ಲಿ ನಿಂಟೆಂಡೊದವರು ತಮ್ಮ ಹೊಸ ಯಂತ್ರಕ್ಕೆ ‘ವೀ’ ಎಂದು ಹೆಸರಿಟ್ಟಾಗ ಪತ್ರಿಕೆಗಳವರು ನಕ್ಕರು. ಆದರೆ ಆ ಶಬ್ದ ಇಂಗ್ಲಿಷಿನಲ್ಲಿ ‘ನಾವು’ ಎಂಬಂತೆ ಕೇಳಿಸುತ್ತದೆ. ಮನೆಮಂದಿಯೆಲ್ಲ ಕೂಡಿ ಆಡಬಹುದೆಂಬ ಸೂಚನೆ ಅದರಲ್ಲಿತ್ತು. 10 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. 2012ರಲ್ಲಿ ಅದರ ಮುಂದಿನ ಯಂತ್ರ ಬಂದಾಗ ‘ವೀ ಯು’ ಎಂದು ಹೆಸರಿಟ್ಟರು. ಇದು ಹೊಸ ಯಂತ್ರವೋ, ಮನೆಯಲ್ಲಿರುವ ವೀಗೆ ಜೋಡಿಸತಕ್ಕ ಉಪಕರಣವೋ ಎಂಬುದೇ ಅನೇಕರಿಗೆ ತಿಳಿಯಲಿಲ್ಲ. ಸಂಸ್ಥೆಯ ಅಧ್ಯಕ್ಷರಾಗಿದ್ದ ಸತೋರು ಇವಾಟ ಅವರೇ 2013ರಲ್ಲಿ ಈ ತಪ್ಪು ತಿಳುವಳಿಕೆಯನ್ನು ಒಪ್ಪಿಕೊಂಡರು. ಮಾರಾಟವಾದುದು ಸುಮಾರು 1 ಕೋಟಿ 35 ಲಕ್ಷ ಮಾತ್ರ. ಹೊಸ ಆಟಗಳ ಕೊರತೆಯೂ ಇದಕ್ಕೆ ಕಾರಣವಾಗಿತ್ತು. ದೋಷವನ್ನೆಲ್ಲ ಹೆಸರಿನ ಮೇಲೆಯೇ ಹೊರಿಸಲಾಗದು. ಆದರೂ ಸೋನಿಯವರ ‘ಪ್ಲೇಸ್ಟೇಷನ್’ ಯಂತ್ರಗಳನ್ನು ನೋಡಿರಿ. ಮೊದಲನೆಯದು 1994ರಲ್ಲಿ ಬಂದಿತು. ಆಮೇಲೆ 2, 3, 4, 5 ಎಂದು ಅಂಕಿಗಳನ್ನು ಹಚ್ಚಿದರು. ಇದರಲ್ಲಿ ಕವಿತಾಶಕ್ತಿಯೇನೂ ಇಲ್ಲ, ಆದರೆ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ಒಂದನೆಯ ತರಗತಿಯ ಹುಡುಗನೂ ಹೇಳಬಲ್ಲನು. ಮೈಕ್ರೋಸಾಫ್ಟ್ ಸಂಸ್ಥೆಯವರ ಲೆಕ್ಕ ಬೇರೆ: 2001ರಲ್ಲಿ ‘ಎಕ್ಸ್‌ಬಾಕ್ಸ್’, 2005ರಲ್ಲಿ ‘360’, 2013ರಲ್ಲಿ ‘ಒನ್’. ಮೂರನೆಯ ಮಗುವಿಗೆ ಒಂದು ಎಂದು ಹೆಸರಿಟ್ಟ ಮನೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇವೆಲ್ಲ ಹೊರದೇಶದ ಮಾತಾದವು. ನಮ್ಮ ನಾಡಿನಲ್ಲಿಯೇ ಕೈಯಲ್ಲಿ ಹಿಡಿಯುವ ಒಂದು ಯಂತ್ರ ಹುಟ್ಟಿ, ಹೆಸರು ಪಡೆದು, ಮರೆಯಾದ ಕಥೆಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯ ತಂತ್ರಜ್ಞರೂ ಸೇರಿ 1999ರಲ್ಲಿ ಒಂದು ನ್ಯಾಸವನ್ನು ರಚಿಸಿಕೊಂಡು, ಹಳ್ಳಿಯ ಬಡಜನರಿಗೂ ಎಟುಕುವ ಗಣಕವನ್ನು ನಿರ್ಮಿಸಲು ಹೊರಟರು. ಅದರ ಹೆಸರು ‘ಸಿಂಪ್ಯೂಟರ್’. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬಹುದಾಗಿತ್ತು; ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡು ಇದ್ದರಾಯಿತು. ಓದಲು ಬಾರದವರಿಗಾಗಿ ಬರೆಹವನ್ನು ದೇಶಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡೂ ಇತ್ತು. ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ‘ಅಮಿಡಾ ಸಿಂಪ್ಯೂಟರ್’ 2004ರಲ್ಲಿ ಪೇಟೆಗೆ ಬಂದಿತು. ಯಂತ್ರವನ್ನು ಓರೆಮಾಡಿದರೆ ಅದನ್ನು ಅರಿಯುವ ಸಾಧನವೂ ಅದರೊಳಗಿತ್ತು. ಕೈಯಾಡಿಸಿ ಆಡುವ ವೀ ಬಂದುದು ಇದಾದ ಎರಡು ವರ್ಷಗಳ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು.

ಆದರೆ 50 ಸಾವಿರವಾದರೂ ಮಾರಾಟವಾದೀತೆಂಬ ನಿರೀಕ್ಷೆಯಿದ್ದ ಈ ಯಂತ್ರ 2005ರ ವೇಳೆಗೆ ಮಾರಾಟವಾದುದು ಸುಮಾರು 4 ಸಾವಿರ. ಬೆಲೆ ಹೆಚ್ಚುಕಡಮೆ 10 ಸಾವಿರ ರೂಪಾಯಿಯಿಂದ ಆರಂಭವಾಗುತ್ತಿತ್ತು; ಕೂಲಿಯವನ ಮಾತಿರಲಿ, ಅಂದಿನ ಗುಮಾಸ್ತನಿಗೂ ಅದು ದೊಡ್ಡ ಮೊತ್ತ. ಅತ್ತ ಮೊಬೈಲ್ ಫೋನುಗಳು ಅಗ್ಗವಾಗುತ್ತ ಬಂದವು. ಸೋಲಿಗೆ ಮುಖ್ಯ ಕಾರಣಗಳು ಇವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಹೆಸರಿನ ಪಾಲು ಸ್ವಲ್ಪವಾದರೂ ಇದ್ದಿರಬೇಕೆಂದು ನನ್ನ ಅಭಿಪ್ರಾಯ. ಸರಳ, ಅಗ್ಗ, ಬಹುಭಾಷಿಕ, ಜನರದು ಎಂಬ ಅರ್ಥ ಕೊಡುವ ನಾಲ್ಕು ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳನ್ನು ಕಂಪ್ಯೂಟರ್ ಎಂಬುದಕ್ಕೆ ಹೆಣೆದು ಆ ಹೆಸರನ್ನು ಮಾಡಿದ್ದರು. ಇಂಗ್ಲಿಷ್ ಬಲ್ಲವನಿಗೆ ಇದು ಚಮತ್ಕಾರ. ಯಾರಿಗಾಗಿ ಆ ಯಂತ್ರವೋ ಆ ಅರಬಿಳಚಿಯ ರೈತನಿಗೆ? ‘ಕಂಪ್ಯೂಟರ್’ ಎಂಬುದನ್ನು ಯಾರೋ ತಪ್ಪಾಗಿ ಉಚ್ಚರಿಸಿದಂತೆ, ಇಲ್ಲವೆ ನಿಜವಾದ ಕಂಪ್ಯೂಟರಿಗಿಂತ ಒಂದು ಮೆಟ್ಟಲು ಕೆಳಗಿನದೆಂಬಂತೆ ಕೇಳಿಸುವುದಿಲ್ಲವೆ? ವೀ ಯು ಮಾಡಿದ ತಪ್ಪೂ ಇಂತಹುದೇ. ಹಳೆಯ ಹೆಸರಿನ ಆಸರೆ ಹಿಡಿಯಹೋಗಿ ಅದರ ನೆರಳಿನಲ್ಲಿಯೇ ಉಳಿಯಿತು. ಕನ್ನಡವನ್ನು ಓದಿ ಹೇಳಬಲ್ಲ ಯಂತ್ರಕ್ಕೆ ಕನ್ನಡದ ಕಿವಿಗೆ ಹಿಡಿಯುವ ಒಂದು ಹೆಸರು ಸಿಕ್ಕದೆ ಹೋದುದು ನನಗೆ ಈಗಲೂ ವ್ಯಸನದ ಸಂಗತಿಯೇ.

ಅದೇ ಕಾಲದಲ್ಲಿ ಸರ್ಕಾರದವರು ರಾಜ್ಯದ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಗಣಕಕ್ಕೆ ಏರಿಸಿದರು. ಆ ಯೋಜನೆಗೆ ಇಟ್ಟ ಹೆಸರು ‘ಭೂಮಿ’. ಇದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನೂ ಬಳಸಿದ್ದುಂಟು. ಯಂತ್ರ ಹೋಯಿತು, ಭೂಮಿ ಉಳಿಯಿತು. ಆದರೆ ನಮ್ಮ ಹೊಳೆಹೊನ್ನೂರಿನ ನಾಡಕಚೇರಿಯ ಮುಂದೆ ನಿಂತವರ ಮಾತಿಗೆ ಕಿವಿಗೊಟ್ಟರೆ ಆ ಹೆಸರೂ ಕೇಳಿಬರುವುದು ಅಪರೂಪ. “ಸ್ವಾಮಿ, ಒಂದು ಪಹಣಿ ಕೊಡಿ” ಎಂದೇ ಅವರು ಕೇಳುತ್ತಾರೆ.